ಕೊಬ್ಬು ಹೆಚ್ಚು, ಅನ್ನ ಕಡಿಮೆ: ಪಿತ್ತಕೋಶದಲ್ಲಿ ಕಲ್ಲಿರುವವರು ಅರಿಯಬೇಕಾದುದು

ಅನ್ನ, ಮುದ್ದೆ, ಚಪಾತಿಗಳನ್ನು ತೊರೆದು ತುಪ್ಪ, ಬೆಣ್ಣೆ, ಪನ್ನೀರ್, ಮೊಟ್ಟೆ, ಮಾಂಸಗಳನ್ನೇ ನೆಚ್ಚಿಕೊಳ್ಳುವ ಆಹಾರಕ್ರಮ ನಗರವಾಸಿಗಳಲ್ಲಿ ಈಗ ಸಾಮಾನ್ಯವಾಗಿದೆ. ‘ಕೀಟೊ’ ಎಂದು ಕರೆಯಲಾಗುವ ಈ ಪಥ್ಯ ಹೊಸದೇನಲ್ಲ. 1921ರಲ್ಲಿ ಅಮೆರಿಕದ ಮೇಯೊ ಕ್ಲಿನಿಕ್‌ನ ವೈದ್ಯ ರಸೆಲ್ ವೈಲ್ಡರ್ ಇದನ್ನು ಮೂರ್ಛೆರೋಗದ ಚಿಕಿತ್ಸೆಗೆಂದು ಸೂಚಿಸಿದ್ದರು. ತೂಕ ಇಳಿಸುವ ಹಂಬಲಕ್ಕೂ ಇದಕ್ಕೂ ನಂಟು ಬೆಳೆದದ್ದು ಬಹಳ ತಡವಾಗಿ.

ಪಿತ್ತಕೋಶದ ತೊಂದರೆಯಿರುವವರು ಈ ಪಥ್ಯಕ್ಕೆ ತೊಡಗಿದಾಗ ಅವರಿಗೆ ಎರಡು ವಿರುದ್ಧ ಸಲಹೆಗಳು ದೊರೆಯುತ್ತವೆ. ಎಣ್ಣೆ-ತುಪ್ಪ ಮುಟ್ಟಲೇಬಾರದು ಎಂಬುದು ಒಂದು. ಕೊಬ್ಬು ತಿಂದರೆ ಪಿತ್ತಕೋಶ ತೊಳೆದು ಶುದ್ಧವಾಗುತ್ತದೆ ಎಂಬುದು ಇನ್ನೊಂದು. ಎರಡರಲ್ಲಿಯೂ ಅರ್ಧ ಸತ್ಯವಿದೆ. ಯಾವ ಅರ್ಧ ತನಗೆ ಅನ್ವಯಿಸುತ್ತದೆ ಎಂಬುದು ಕಲ್ಲು ಈಗಾಗಲೇ ಇದೆಯೇ, ಇಲ್ಲವೇ ಎಂಬುದನ್ನು ಅವಲಂಬಿಸಿದೆ.

ಪಿತ್ತಕೋಶದ ಕೆಲಸವೇನು?

ಪಿತ್ತರಸ ತಯಾರಾಗುವುದು ಯಕೃತ್ತಿನಲ್ಲಿ; ದಿನಕ್ಕೆ ಅರ್ಧ ಲೀಟರಿನಿಂದ ಒಂದು ಲೀಟರಿನವರೆಗೆ. ಯಕೃತ್ತಿನ ಕೆಳಗೆ ಸಣ್ಣ ಬದನೆಕಾಯಿಯಂತೆ ತೂಗುವ ಪಿತ್ತಕೋಶವು 30ರಿಂದ 50 ಮಿಲಿಲೀಟರಿನಷ್ಟು ರಸವನ್ನು, ಅದರ ನೀರಿನಂಶ ಹೀರಿ ಗಾಢಗೊಳಿಸಿ ಇರಿಸಿಕೊಳ್ಳುವ ಚೀಲ ಮಾತ್ರ. ಕೊಬ್ಬಿನ ಆಹಾರ ಸಣ್ಣ ಕರುಳನ್ನು ತಲುಪಿದೊಡನೆ ಅಲ್ಲಿಂದ ಕೊಲೆಸಿಸ್ಟೊಕೈನಿನ್ ಎಂಬ ಹಾರ್ಮೋನು ಹೊರಟು ಪಿತ್ತಕೋಶವನ್ನು ಸಂಕುಚಿಸುತ್ತದೆ. ರಸ ಕರುಳಿಗೆ ಸುರಿಯುತ್ತದೆ. (ವಾಕರಿಕೆ, ತಲೆಸುತ್ತು ಬಂದಾಗ ‘ಪಿತ್ತವಾಗಿದೆ’ ಎನ್ನುವುದು ನಮ್ಮಲ್ಲಿ ರೂಢಿ. ಅದು ಪಿತ್ತಕೋಶದ ಕಾಯಿಲೆಯೇ ಆಗಿರಬೇಕೆಂದಿಲ್ಲ.)

ಪಿತ್ತರಸದಲ್ಲಿ ಕೊಲೆಸ್ಟರಾಲ್ ಮಿತಿಮೀರಿ, ರಸ ಹೊರಹೋಗದೆ ನಿಂತರೆ ಹರಳುಗಟ್ಟುತ್ತದೆ. ತೂಕ ವೇಗವಾಗಿ ಇಳಿಯುವಾಗ ಯಕೃತ್ತು ಪಿತ್ತರಸಕ್ಕೆ ಹೆಚ್ಚು ಕೊಲೆಸ್ಟರಾಲ್ ಸುರಿಯುತ್ತದೆ. ಆಗ ಊಟದಲ್ಲಿ ಕೊಬ್ಬೇ ಇಲ್ಲದಿದ್ದರೆ ಪಿತ್ತಕೋಶ ಖಾಲಿಯಾಗುವುದೂ ಇಲ್ಲ. 1998ರಲ್ಲಿ ಪ್ರಕಟವಾದ ಇಟಲಿಯ ಅಧ್ಯಯನವೊಂದು ಇದನ್ನು ಚೆನ್ನಾಗಿ ತೋರಿಸಿತು. ಅತ್ಯಲ್ಪ ಕ್ಯಾಲೊರಿಯ ಪಥ್ಯದಲ್ಲಿ ದಿನಕ್ಕೆ ಕೇವಲ 3 ಗ್ರಾಂ ಕೊಬ್ಬು ಪಡೆದ 11 ಸ್ಥೂಲಕಾಯರ ಪೈಕಿ 6 ಮಂದಿಗೆ ಕಲ್ಲುಂಟಾಯಿತು. 12 ಗ್ರಾಂನಷ್ಟು ಪಡೆದವರಲ್ಲಿ ಒಬ್ಬರಿಗೂ ಆಗಲಿಲ್ಲ. ಗುಂಪು ಚಿಕ್ಕದು, ನಿಜ. ಆದರೂ ಕಲ್ಲಿಗೆ ಕೊಬ್ಬೊಂದೇ ಕಾರಣವೆಂಬ ನಂಬಿಕೆ ಇದರ ಮುಂದೆ ನಿಲ್ಲದು. ಅವಸರವೇ ದೊಡ್ಡ ಅಪಾಯ. ವಾರಕ್ಕೆ ಒಂದೂವರೆ ಕಿಲೋಗಿಂತ ಹೆಚ್ಚು ತೂಕ ಕಳೆದುಕೊಳ್ಳುವವರಲ್ಲಿ ಕಲ್ಲಿನ ಸಂಭವ ಏರುತ್ತದೆ. ಕೀಟೊ ಜೊತೆಗೆ ದೀರ್ಘ ಉಪವಾಸವನ್ನೂ ಬೆರೆಸುವವರು ಇದನ್ನು ನೆನಪಿಡುವುದು ಒಳಿತು; ಉಣ್ಣದ ಹೊತ್ತಿನಲ್ಲಿ ಪಿತ್ತಕೋಶದ ರಸ ನಿಂತೇ ಇರುತ್ತದೆ.

ದಕ್ಷಿಣ ಭಾರತದವರು ತಿಳಿಯಬೇಕಾದ ಮತ್ತೊಂದು ಸಂಗತಿಯಿದೆ. ಉತ್ತರ ಭಾರತದಲ್ಲಿ ಕೊಲೆಸ್ಟರಾಲ್ ಕಲ್ಲುಗಳೇ ಅಧಿಕ. ನಮ್ಮ ಕಡೆ ವರ್ಣದ್ರವ್ಯದ ಕಪ್ಪು, ಕಂದು ಕಲ್ಲುಗಳ ಪಾಲು ಅಲ್ಲಿಗಿಂತ ಹೆಚ್ಚು. ಕಲ್ಲು ಕರಗಿಸಲು ಕೊಡುವ ಅರ್ಸೊಡಿಆಕ್ಸಿಕೋಲಿಕ್ ಆಮ್ಲದ ಮಾತ್ರೆ ಇಂಥ ಕಲ್ಲುಗಳ ಮೇಲೆ ನಿಷ್ಪ್ರಯೋಜಕ. ಸಣ್ಣ ಕೊಲೆಸ್ಟರಾಲ್ ಕಲ್ಲುಗಳು ಅದರಿಂದ ಕರಗಿದರೂ ಅನೇಕರಲ್ಲಿ ಮರಳಿ ಹುಟ್ಟುತ್ತವೆ.

ಕಲ್ಲು ಇದ್ದರೆ

ಕಲ್ಲಿಲ್ಲದವರಿಗೆ ಹಿತವಾದ ಅದೇ ಸಂಕೋಚನ ಕಲ್ಲಿರುವವರಿಗೆ ಶತ್ರುವಾಗುತ್ತದೆ. ತುಪ್ಪದೂಟ ಮುಗಿದ ಮೇಲೆ ಪಿತ್ತಕೋಶ ಹಿಂಡಿದಾಗ ಕಲ್ಲು ಅದರ ಕುತ್ತಿಗೆಗೆ ಬಂದು ಸಿಕ್ಕಿಕೊಳ್ಳುತ್ತದೆ. ಹೊಟ್ಟೆಯ ಮೇಲ್ಭಾಗದಲ್ಲಿ, ನಡುವೆ ಅಥವಾ ಬಲಕ್ಕೆ, ಬಿಗಿಯಾದ ನೋವು ಹೊರಟು ಬಲ ಭುಜಕ್ಕೋ ಬೆನ್ನಿಗೋ ಹಬ್ಬುತ್ತದೆ. ಅರ್ಧ ಗಂಟೆಯಿಂದ ಕೆಲವು ತಾಸು ಕಾಡುತ್ತದೆ. ‘ಗ್ಯಾಸ್ಟ್ರಿಕ್’ ಎಂದು ಮಾತ್ರೆ ನುಂಗಿ ವರ್ಷಗಟ್ಟಲೆ ಕಳೆಯುವವರು ನಮ್ಮಲ್ಲಿ ಕಡಿಮೆಯಿಲ್ಲ. ಹೃದಯಾಘಾತದ ನೋವೂ ಕೆಲವೊಮ್ಮೆ ಹೀಗೆಯೇ ಕಾಣಿಸಿಕೊಳ್ಳುವುದರಿಂದ ಇಸಿಜಿ ಮಾಡಿಸದೆ ಇದು ಪಿತ್ತಕೋಶದ್ದೇ ಎಂದು ನಿರ್ಧರಿಸಬಾರದು.

ಹೊಟ್ಟೆಯ ಅಲ್ಟ್ರಾಸೌಂಡ್ ಸ್ಕ್ಯಾನ್ ಕಲ್ಲನ್ನು ಸುಲಭವಾಗಿ ತೋರಿಸುತ್ತದೆ. ಇಂಥ ನೋವು ಹಿಂದೆ ಬಂದಿದ್ದವರು ಪಥ್ಯಕ್ಕೆ ಮೊದಲೇ ಅದನ್ನು ಮಾಡಿಸಿಕೊಳ್ಳುವುದು ವಿವೇಕ. ಅನ್ಯ ಕಾರಣಕ್ಕೆ ಮಾಡಿಸಿದ ಸ್ಕ್ಯಾನಿನಲ್ಲಿ ಆಕಸ್ಮಿಕವಾಗಿ ಕಂಡ, ನೋವೇ ಕೊಡದ ಕಲ್ಲಿಗೆ ಸಾಮಾನ್ಯವಾಗಿ ಶಸ್ತ್ರಚಿಕಿತ್ಸೆ ಬೇಕಿಲ್ಲ; ಬಹುಪಾಲು ಕಲ್ಲುಗಳು ಜೀವಮಾನವಿಡೀ ಮೌನವಾಗಿಯೇ ಇರುತ್ತವೆ. ಆದರೆ ಒಮ್ಮೆ ನೋವು ಬಂದವರಲ್ಲಿ ಅದು ಮರುಕಳಿಸುವುದೇ ಹೆಚ್ಚು. ಅಂಥವರು ಶಸ್ತ್ರಚಿಕಿತ್ಸಕರನ್ನು ಕಾಣುವ ಮುನ್ನ ಪೂರ್ಣ ಪ್ರಮಾಣದ ಕೀಟೊಗೆ ಇಳಿಯಬಾರದು. 2,000 ಕ್ಯಾಲೊರಿಯ ಕೀಟೊ ಪಥ್ಯದಲ್ಲಿ ಮುಕ್ಕಾಲು ಪಾಲು ಕೊಬ್ಬೆಂದು ಹಿಡಿದರೆ ದಿನಕ್ಕೆ ಸುಮಾರು 165 ಗ್ರಾಂ ಆಗುತ್ತದೆ. ಊಟದ ದೊಡ್ಡ ಚಮಚದಲ್ಲಿ ಹನ್ನೆರಡು ಚಮಚ ತುಪ್ಪಕ್ಕೆ ಸಮ! ಸಕ್ಕರೆ, ಮೈದಾ, ಅನ್ನವನ್ನು ಕಡಿತಗೊಳಿಸಲು ಇಷ್ಟು ಕೊಬ್ಬು ಅನಿವಾರ್ಯವೇನಲ್ಲ. ಮೀನು, ಮೊಟ್ಟೆ, ಮೊಸರು, ಸೊಪ್ಪು, ಹುರುಳಿಕಾಯಿ ಪಲ್ಯಗಳಿಂದ ಶರ್ಕರಪಿಷ್ಟ ಇಳಿಸಿ, ಎಣ್ಣೆಯನ್ನು ಮೂರು ಹೊತ್ತಿಗೂ ಹಂಚಿಕೊಳ್ಳುವುದು ನಡುದಾರಿ.

ನೋವು ಐದಾರು ತಾಸು ಕಳೆದರೂ ತಗ್ಗದಿದ್ದರೆ, ಚಳಿಜ್ವರ ಬಂದರೆ, ಕಣ್ಣು ಹಳದಿಯಾಗಿ ಮೂತ್ರ ಗಾಢ ಬಣ್ಣಕ್ಕೆ ತಿರುಗಿದರೆ ಅದು ಪಥ್ಯದ ವಿಷಯವಾಗಿ ಉಳಿಯುವುದಿಲ್ಲ. ನಾಳಕ್ಕೆ ಜಾರಿದ ಕಲ್ಲು ಮೇದೋಜೀರಕ ಗ್ರಂಥಿಯ ಉರಿಯೂತ ತರಬಲ್ಲದು. ಅದೇ ದಿನ ಆಸ್ಪತ್ರೆ ಸೇರಬೇಕು.

‘ತೊಳೆಯುವ’ ಮದ್ದು

ಆಲಿವ್ ಎಣ್ಣೆ ಮತ್ತು ನಿಂಬೆರಸ ಕುಡಿದು ಕಲ್ಲು ಹೊರಹಾಕಬಹುದೆಂಬ ಪ್ರಚಾರವನ್ನು ಓದುಗರು ಕೇಳಿರಬಹುದು. ಮರುದಿನ ಮಲದಲ್ಲಿ ಹಸಿರು ಉಂಡೆಗಳೂ ಕಾಣುತ್ತವೆ, ನಂಬಿಕೆಯೂ ಬಲಿಯುತ್ತದೆ. ನ್ಯೂಜಿಲೆಂಡಿನಲ್ಲಿ ಮಹಿಳೆಯೊಬ್ಬರು ತಂದ ಇಂಥ ಉಂಡೆಗಳನ್ನು ಪರೀಕ್ಷಿಸಿದ ವೈದ್ಯರು 2005ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ವರದಿ ಮಾಡಿದರು. ಅವುಗಳಲ್ಲಿ ಕೊಲೆಸ್ಟರಾಲ್ ಆಗಲಿ ಪಿತ್ತವರ್ಣವಾಗಲಿ ಇರಲಿಲ್ಲ. ಕುಡಿದ ಎಣ್ಣೆಯೇ ಹೊಟ್ಟೆಯಲ್ಲಿ ಸಾಬೂನಾಗಿತ್ತು. ಆಕೆಯ ನಿಜವಾದ ಕಲ್ಲುಗಳನ್ನು ಶಸ್ತ್ರಚಿಕಿತ್ಸೆಯಿಂದಲೇ ತೆಗೆಯಬೇಕಾಯಿತು.

ಪಿತ್ತಕೋಶ ತೆಗೆದ ಬಳಿಕ

1882ರಲ್ಲಿ ಬರ್ಲಿನ್ನಿನಲ್ಲಿ ಕಾರ್ಲ್ ಲಾಂಗೆನ್‌ಬುಕ್ ಮೊದಲ ಬಾರಿ ನಡೆಸಿದ ಈ ಶಸ್ತ್ರಚಿಕಿತ್ಸೆ ಇಂದು ಬಹುತೇಕ ಲ್ಯಾಪರೋಸ್ಕೋಪಿಯಿಂದಲೇ ಆಗುತ್ತದೆ. ಅನಂತರ ಪಿತ್ತರಸ ಸಂಗ್ರಹವಾಗದೆ ಕರುಳಿಗೆ ನಿರಂತರ ಇಳಿಯುತ್ತಿರುತ್ತದೆ. ಕೊಬ್ಬು ಜೀರ್ಣವಾಗುತ್ತದೆ, ಒಮ್ಮೆಲೇ ಬಹಳ ತಿಂದರೆ ಮಾತ್ರ ಹೊಟ್ಟೆ ಉಬ್ಬರ, ಭೇದಿ. ಆದ್ದರಿಂದ ಕೆಲವು ವಾರ ಸಾಧಾರಣ ಊಟ ಮಾಡಿ, ಆಮೇಲೆ ಕೊಬ್ಬನ್ನು ಸ್ವಲ್ಪ ಸ್ವಲ್ಪವೇ ಏರಿಸಬೇಕು. ಭೇದಿ ನಿಲ್ಲದಿದ್ದರೆ ಪಿತ್ತಾಮ್ಲಗಳನ್ನು ಹಿಡಿದಿಡುವ ಔಷಧಗಳಿವೆ. ಕೊಬ್ಬರಿ ಎಣ್ಣೆಗೆ ಪಿತ್ತರಸವೇ ಬೇಡವೆಂಬುದು ಉತ್ಪ್ರೇಕ್ಷೆ. ಅದರ ಅರ್ಧದಷ್ಟಿರುವ ಲಾರಿಕ್ ಆಮ್ಲ ಬಹಳಮಟ್ಟಿಗೆ ಇತರ ಕೊಬ್ಬಿನಂತೆಯೇ ವರ್ತಿಸುತ್ತದೆ.

ಮಧುಮೇಹಿಗಳಿಗೆ ಪ್ರತ್ಯೇಕ ಎಚ್ಚರಿಕೆ ಅಗತ್ಯ. ಡಾಪಾಗ್ಲಿಫ್ಲೋಜಿನ್ ವರ್ಗದ ಮಾತ್ರೆ ಸೇವಿಸುವವರು ಅನ್ನ ಬಿಟ್ಟರೆ ರಕ್ತ ಆಮ್ಲೀಯವಾಗುವ ಕೀಟೊಅಸಿಡೋಸಿಸ್ ತಲೆದೋರಬಹುದು. ತೂಕ ಇಳಿಸಲು ಬಳಸುವ ಸೆಮಾಗ್ಲುಟೈಡ್ ಚುಚ್ಚುಮದ್ದಿನ ಸೂಚನಾಪತ್ರದಲ್ಲಿ ಪಿತ್ತಕೋಶದ ಕಾಯಿಲೆಯ ಎಚ್ಚರಿಕೆಯೇ ಇದೆ. ಇವರು ಔಷಧದ ಪ್ರಮಾಣವನ್ನು ವೈದ್ಯರೊಡನೆ ಚರ್ಚಿಸಿದ ಮೇಲೆಯೇ ಪಥ್ಯ ಬದಲಿಸತಕ್ಕದ್ದು.