ಫ್ರಾಂಕಿ ನಕಲ್ಸ್: ಲೇಬಲ್ಲಿನ ಹೆಸರು, ಕೈಯ ಕೆಲಸ

ಹೌಸ್ ಸಂಗೀತದ ಮಾತು ಬಂದಲ್ಲೆಲ್ಲ ಡಿಜೆ ಫ್ರಾಂಕಿ ನಕಲ್ಸ್ (1955–2014) ಅವರಿಗೆ ‘ಪಿತಾಮಹ’ ಎಂಬ ಬಿರುದು ತಪ್ಪದೆ ಅಂಟಿಕೊಳ್ಳುತ್ತದೆ. ಬಿರುದು ಕೊಟ್ಟಲ್ಲಿಗೆ ವಿಚಾರಣೆ ಮುಗಿಯಿತೆನ್ನುವ ಚಾಳಿ ನಮ್ಮ ಸಂಗೀತ ಬರಹಕ್ಕೂ ಹೊಸದೇನಲ್ಲ. ನಕಲ್ಸ್ ಮಾಡಿದ ಕೆಲಸ ಯಾವುದು, ಮಾಡದ್ದು ಯಾವುದು ಎಂದು ಬಿಡಿಸಿ ನೋಡಬೇಕಾಗಿದೆ.

ನ್ಯೂಯಾರ್ಕಿನ ಬ್ರಾಂಕ್ಸಿನಲ್ಲಿ ಹುಟ್ಟಿದ ಅವರು ಗೆಳೆಯ ಲ್ಯಾರಿ ಲೆವನ್ ಜೊತೆ ಕಾಂಟಿನೆಂಟಲ್ ಬಾತ್ಸ್‌ನಲ್ಲಿ ರೆಕಾರ್ಡು ನುಡಿಸಿ ಪಳಗಿದವರು. 1977ರಲ್ಲಿ ಶಿಕಾಗೋದ ಸೌತ್ ಜೆಫರ್ಸನ್ ರಸ್ತೆಯ ‘ವೇರ್‌ಹೌಸ್’ ಕ್ಲಬ್ಬಿನಿಂದ ಮೊದಲು ಕರೆ ಬಂದದ್ದು ಲೆವನ್‌ಗೆ. ಅವರು ಒಲ್ಲೆನೆಂದಾಗ ನಕಲ್ಸ್ ಹೋದರು. ಅಲ್ಲಿ ಕುಣಿಯಲು ಬರುತ್ತಿದ್ದವರು ಬಹುಪಾಲು ಕಪ್ಪು ಮತ್ತು ಲ್ಯಾಟಿನೊ ಸಮುದಾಯದ ಸಲಿಂಗಿ ತರುಣರು. 1979ರ ಜುಲೈ 12ರಂದು ಅದೇ ಊರಿನ ಕಾಮಿಸ್ಕಿ ಪಾರ್ಕ್ ಬೇಸ್‌ಬಾಲ್ ಮೈದಾನದಲ್ಲಿ ಡಿಸ್ಕೊ ವಿರೋಧಿಗಳು ಡಿಸ್ಕೊ ರೆಕಾರ್ಡುಗಳನ್ನು ರಾಶಿ ಹಾಕಿ ಸಿಡಿಸಿದರು. ದೊಡ್ಡ ಕಂಪನಿಗಳು ಡಿಸ್ಕೊದಿಂದ ಹಿಂದೆ ಸರಿದವು. ಕುಣಿಯುವವರೇನೂ ಸರಿಯಲಿಲ್ಲ, ಅವರಿಗೆ ಬೇಕಾದ ವೇಗದ ಹೊಸ ಹಾಡುಗಳು ಮಾತ್ರ ಸಿಗದಾದವು.

ಈ ಕೊರತೆಯೇ ನಕಲ್ಸ್ ಅವರ ಕಸುಬನ್ನು ತಿದ್ದಿತು. ಹಳೆಯ ಹಾಡನ್ನು ರೀಲ್ ಟೇಪಿಗೆ ಇಳಿಸಿಕೊಳ್ಳುವುದು, ಬ್ಲೇಡಿನಿಂದ ಟೇಪು ಕತ್ತರಿಸುವುದು, ಡ್ರಮ್ಮು ಮತ್ತು ಬೇಸ್ ಇರುವ ತುಂಡುಗಳನ್ನು ಒಂದರ ಬೆನ್ನಿಗೊಂದು ಅಂಟಿಸಿ ಹಾಡನ್ನು ಹಿಗ್ಗಿಸುವುದು. ಕುಣಿತ ಕಾವೇರಿದ ಮೇಲಷ್ಟೇ ಹಾಡುಗಾರರ ದನಿ ಬರಬೇಕು! ‘ಫಸ್ಟ್ ಚಾಯ್ಸ್’ ತಂಡದ ‘ಲೆಟ್ ನೋ ಮ್ಯಾನ್ ಪುಟ್ ಅಸಂಡರ್’ ಹಾಡಿಗೆ ಅವರು ಮಾಡಿದ ರೀಮಿಕ್ಸನ್ನು 1983ರಲ್ಲಿ ಸ್ಯಾಲ್ಸೋಲ್ ಕಂಪನಿ ಹೊರತಂದಿತು. ಆ ಹೊತ್ತಿಗೆ ವೇರ್‌ಹೌಸ್ ಬಿಟ್ಟು ‘ಪವರ್ ಪ್ಲಾಂಟ್’ ಎಂಬ ಸ್ವಂತ ಕ್ಲಬ್ ತೆರೆದಿದ್ದರು. ಮುಂದೆ ಡೆಟ್ರಾಯಿಟಿನ ಸಂಗೀತಗಾರ ಡೆರಿಕ್ ಮೇ ಅವರಿಂದ ರೋಲ್ಯಾಂಡ್ ಟಿಆರ್-909 ಡ್ರಮ್ ಯಂತ್ರ ಕೊಂಡ ಮೇಲೆ, ರೆಕಾರ್ಡು ಓಡುತ್ತಿರುವಾಗಲೇ ಅದರಡಿ ಯಂತ್ರದ ತಾಳವನ್ನೂ ಕೂಡಿಸತೊಡಗಿದರು.

ಯಾವುದು ಯಾರ ಕೆಲಸ ಎಂಬ ಗೊಂದಲವಿರುವುದು ‘ಯುವರ್ ಲವ್’ ಹಾಡಿನ ವಿಷಯದಲ್ಲಿ. 1987ರಲ್ಲಿ ಟ್ರ್ಯಾಕ್ಸ್ ಕಂಪನಿ ತಂದ ರೆಕಾರ್ಡಿನ ಮೇಲಿರುವುದು ನಕಲ್ಸ್ ಹೆಸರು. ಹಾಡು ಮಾತ್ರ ಜೇಮಿ ಪ್ರಿನ್ಸಿಪಲ್ ಅವರದು. ಕೇಳಿಸುವ ದನಿಯೂ ಅವರದೇ. ರೆಕಾರ್ಡಾಗಿ ಹೊರಬರುವ ಮೊದಲೇ ಅದು ಟೇಪಿನ ಮೂಲಕ ಶಿಕಾಗೋದ ಕ್ಲಬ್ಬುಗಳಲ್ಲಿ ಹೆಸರಾಗಿತ್ತು. ಅದನ್ನು ಕುಣಿತಕ್ಕೆ ಒಗ್ಗಿಸಿದವರು ನಕಲ್ಸ್. ಈ ಕೆಲಸ ಸಣ್ಣದಲ್ಲ, ಆದರೆ ಇದು ರಚನೆಯೂ ಅಲ್ಲ.

ನ್ಯೂಯಾರ್ಕಿಗೆ ಮರಳಿದ ಮೇಲೆ ಡೆಫ್ ಮಿಕ್ಸ್ ಎಂಬ ರೀಮಿಕ್ಸ್ ಬಳಗ ಸೇರಿ ಮಾಡಿದ ‘ಟಿಯರ್ಸ್’ (1989) ಹಾಡಿನ ಲೇಬಲ್ಲಿನಲ್ಲಿ ಇಂಥ ತಕರಾರಿಲ್ಲ: ಜೊತೆಗೆ ದುಡಿದ ಸಂಗೀತಗಾರ ಸತೋಶಿ ತೊಮಿಯೆ, ಗಾಯಕ ರಾಬರ್ಟ್ ಓವೆನ್ಸ್ ಇಬ್ಬರ ಹೆಸರೂ ಇದೆ. 1998ರಲ್ಲಿ ಗ್ರ್ಯಾಮಿಯು ರೀಮಿಕ್ಸ್‌ಕಾರರಿಗೆಂದೇ ಹೊಸದಾಗಿ ತೆರೆದ ವಿಭಾಗದ ಮೊದಲ ಪ್ರಶಸ್ತಿಯನ್ನು ನಕಲ್ಸ್ ಅವರಿಗೆ ಕೊಟ್ಟಿತು. ‘ಪಿತಾಮಹ’ ಎಂಬುದಕ್ಕಿಂತ ಇದೇ ಸರಿಯಾದ ಗುರುತು ಎಂಬುದು ನನ್ನ ಎಣಿಕೆ. ‘ಯುವರ್ ಲವ್’ ಅನ್ನು ಇನ್ನು ಪಟ್ಟಿ ಮಾಡುವವರು ಪ್ರಿನ್ಸಿಪಲ್ ಹೆಸರನ್ನು ಮೊದಲು ಬರೆದು, ನಕಲ್ಸ್ ಹೆಸರನ್ನು ನಿರ್ಮಾಪಕರ ಜಾಗದಲ್ಲಿ ಇಡಬೇಕು.