ಮೇರಿ ಸ್ಯೂ: ಅಂಕಿತನಾಮವೊಂದು ದೂಷಣೆಯಾದ ಬಗೆ

ಅನ್ಯರು ಸೃಷ್ಟಿಸಿದ ಕಥಾಲೋಕವನ್ನು ಅದರ ಅಭಿಮಾನಿಗಳು ತಮ್ಮ ಕಥೆಗಳಲ್ಲಿ ಮುಂದುವರಿಸುವ ಬರವಣಿಗೆಯನ್ನು ‘ಅಭಿಮಾನಿ ಕಥನ’ ಎನ್ನಬಹುದು. 1966ರಿಂದ 1969ರವರೆಗೆ ಅಮೆರಿಕದಲ್ಲಿ ಪ್ರಸಾರವಾದ ‘ಸ್ಟಾರ್ ಟ್ರೆಕ್’ ಟೆಲಿವಿಷನ್ ಸರಣಿಯ ಸುತ್ತ ಇಂಥ ಕಥೆಗಳು ಹೇರಳವಾಗಿ ಹುಟ್ಟಿದವು. ಬರೆದವರಲ್ಲಿ ಹೆಚ್ಚಿನವರು ಮಹಿಳೆಯರು. ಅವರೇ ಅಚ್ಚುಹಾಕಿ ಹಂಚುತ್ತಿದ್ದ ಕಿರುಪತ್ರಿಕೆಗಳಲ್ಲಿ ಒಂದು ಮಾದರಿ ಮತ್ತೆ ಮತ್ತೆ ಕಾಣಿಸಿಕೊಳ್ಳುತ್ತಿತ್ತು: ಅಂತರಿಕ್ಷನೌಕೆಗೆ ಹೊಸದಾಗಿ ಬಂದ ತರುಣಿಯೊಬ್ಬಳು ರೂಪ, ಜಾಣ್ಮೆಗಳಿಂದ ನಾಯಕರ ಮನಗೆದ್ದು ಎಲ್ಲರನ್ನೂ ಪಾರುಮಾಡುವಳು. ಅವಳ ಮರೆಯಲ್ಲಿ ಇರುತ್ತಿದ್ದವಳು ಲೇಖಕಿಯೇ.

1973ರಲ್ಲಿ ಪೌಲಾ ಸ್ಮಿತ್ ‘ಮೆನಾಜರಿ’ ಎಂಬ ಕಿರುಪತ್ರಿಕೆಯಲ್ಲಿ ಈ ಮಾದರಿಯನ್ನು ಅಣಕಿಸಿದರು. ಅವರ ನಾಯಕಿ ಹದಿನೈದೂವರೆ ವರ್ಷದ ಲೆಫ್ಟಿನೆಂಟ್ ಮೇರಿ ಸ್ಯೂ ನೌಕೆಯನ್ನೇ ನಡೆಸಿ, ಕೊನೆಗೆ ಎಲ್ಲರ ಕಣ್ಣೀರಿನ ನಡುವೆ ಸಾಯುತ್ತಾಳೆ. ಕಥೆ ತೀರ ಚಿಕ್ಕದು. ಆದರೆ ಆ ಅಂಕಿತನಾಮ ಬಲುಬೇಗ ರೂಢನಾಮವಾಯಿತು. ಲೇಖಕಿ ತನ್ನನ್ನೇ ಹೋಲುವಂತೆ ರೂಪಿಸಿದ ಯಾವ ಪಾತ್ರವೂ ‘ಮೇರಿ ಸ್ಯೂ’ ಎನಿಸಿಕೊಳ್ಳತೊಡಗಿತು.

ಅಣಕದ ಗುರಿ ಅತಿರೇಕವಾಗಿದ್ದರೂ ಪೆಟ್ಟು ಬಿದ್ದುದು ಬೇರೆಡೆ. ಕಮಿಲ್ ಬೇಕನ್-ಸ್ಮಿತ್ ಅವರ ‘ಎಂಟರ್‌ಪ್ರೈಸಿಂಗ್ ವಿಮೆನ್’ (1992) ಕೃತಿಯು ದಾಖಲಿಸುವಂತೆ, ಈ ಹಣೆಪಟ್ಟಿಗೆ ಅಂಜಿ ಕೆಲವು ಲೇಖಕಿಯರು ಸ್ತ್ರೀಪಾತ್ರಗಳ ಸೃಷ್ಟಿಗೇ ಹಿಂಜರಿದರು. ಪುರುಷ ಲೇಖಕರ ಸ್ವಪ್ರತಿರೂಪಗಳು—ಸಾಹಸಕಥೆಗಳಲ್ಲಿ ಅವಕ್ಕೇನು ಕೊರತೆ?—ಇಷ್ಟು ಕಠಿಣ ಪರೀಕ್ಷೆಗೆ ಒಳಗಾದಂತೆ ಕಾಣದು. ಬೇಕನ್-ಸ್ಮಿತ್ ಗುರುತಿಸಿದಂತೆ, ಮೇರಿ ಸ್ಯೂ ಕಥೆಯು ಅನೇಕ ವೇಳೆ ಲೇಖಕಿಯೊಬ್ಬಳ ಮೊತ್ತಮೊದಲ ಕಥೆ. ಗಂಡಸರೇ ಆಳುತ್ತಿದ್ದ ಆ ನೌಕೆಯೊಳಗೆ ಅವಳಿಗೆ ಬಾಗಿಲು ತೆರೆದುದು ಈ ನಗೆಪಾಟಲಿನ ಪಾತ್ರವೇ.