ಟಿಪ್ಪರರಿಯಿಂದ ತಿಪ್ಪಾರಳ್ಳಿಗೆ

ಸೇಡಂ, ಚಿಂಚೋಳಿ ಕಡೆ ಜಾತ್ರೆಗೆ ಆಡುವ ನಾಟಕದ ಪುಸ್ತಕ ತೆರೆದರೆ, ಹಾಡಿನ ಮೇಲೆ ಇಂಥ ಸಿನಿಮಾ ಹಾಡಿನ ಧಾಟಿ ಎಂದು ಸಣ್ಣಕ್ಷರದಲ್ಲಿ ಬರೆದಿರುತ್ತದೆ. ಇದು ಕದ್ದ ಮಾಲು ಎಂದು ನಗುವವರಿಗೆ ನಾವು ಟಿ.ಪಿ. ಕೈಲಾಸಂ (1884–1946) ಅವರನ್ನು ತೋರಿಸುತ್ತೇವೆ.

ಲಂಡನ್ನಿನಲ್ಲಿ ಭೂವಿಜ್ಞಾನ ಓದಿ ಬಂದವರು. (ನಮ್ಮ ವಾಡಿ, ಶಹಾಬಾದಿನ ಪರಸಿ ಕಲ್ಲಿನ ಮೇಲೂ ಒಂದು ಹಾಡು ಕಟ್ಟಬಹುದಿತ್ತು!) ಇಂಗ್ಲಿಷರ ಹಾಡುಗಳ ಧಾಟಿಗೆ ಕನ್ನಡದ ತಮಾಷೆ ಕೂಡಿಸಿದರು. 1912ರ ‘ಟಿಪ್ಪರರಿ’ ಹಾಡು ಮೊದಲ ಮಹಾಯುದ್ಧದಲ್ಲಿ ಬ್ರಿಟಿಷ್ ಸೈನಿಕರ ಬಾಯಲ್ಲಿತ್ತು. ಕೈಲಾಸಂ ಕೈಯಲ್ಲಿ ಆ ಐರಿಷ್ ಊರು ತಿಪ್ಪಾರಳ್ಳಿಯಾಯಿತು. ‘ಕಾನ್‌ಸ್ಟಾಂಟಿನೋಪಲ್’ ಹಾಡು ಊರಿನ ಹೆಸರನ್ನು ಒಂದೊಂದೇ ಇಂಗ್ಲಿಷ್ ಅಕ್ಷರವಾಗಿ ಬಿಡಿಸುತ್ತದೆ. ಅದೇ ಧಾಟಿಯ ‘ಕೋಳಿಕೆ ರಂಗ’ದಲ್ಲಿ ಹಳ್ಳಿಗನೊಬ್ಬನ ಹೆಸರು ಗುಡಿಸು, ಎತ್ವ, ಸೊನ್ನೆಗಳಲ್ಲಿ ಬಿಡಿಬಿಡಿಯಾಗಿ ಬರುತ್ತದೆ. ಬರೀ ಅಣಕವಾಗಿದ್ದರೆ ಇದು ಆ ಕಾಲಕ್ಕೇ ಮುಗಿಯುತ್ತಿತ್ತು. ಕಾಗುಣಿತವನ್ನೇ ತಾಳಕ್ಕೆ ಕೂರಿಸಿದ್ದರಿಂದ ಉಳಿಯಿತು ಎನ್ನುವುದು ನಮ್ಮ ಲೆಕ್ಕ.

ಆದರೆ ಆ ನಗೆ ಕಾಗುಣಿತ ಬಲ್ಲವರಿಗೇ ಪೂರ್ತಿ ದಕ್ಕುವುದು. ಕೈಲಾಸಂ ತೀರಿಕೊಂಡಾಗ ಚಿತ್ತಾಪುರ, ಸೇಡಂ ಇನ್ನೂ ನಿಜಾಮರ ಆಳ್ವಿಕೆಯಲ್ಲಿದ್ದವು. ಆಡಳಿತ ಉರ್ದುವಿನಲ್ಲಿ, ಶಾಲೆಯ ಪಾಠವೂ ಹೆಚ್ಚಾಗಿ ಅದರಲ್ಲೇ. ಮೈಸೂರು ರಾಜ್ಯಕ್ಕೆ ನಾವು ಸೇರಿದ್ದು 1956ರಲ್ಲಿ. ರಂಗ ನಮ್ಮ ಹಿರಿಯರ ಬಾಯಿಗೆ ಬರಲು ತಡವಾದದ್ದಕ್ಕೆ ದೂರವೊಂದೇ ಕಾರಣವಲ್ಲ.